ಉಪಾಧ್ಯಕ್ಷೆಯ ಮನೆತನ

ಕೇಳಿದ ಕೂಡಲೇ ಹೂಂ ಅಂದವರನ್ನು ರಮಾಕಾಂತ ಯಾವತ್ತೂ ನಂಬಿದವನಲ್ಲ. ಶನಿವಾರ ಬೆಳಿಗ್ಗೆ ಅಡಿಲೇಡಿನ ಪ್ರಾಸ್ಪೆಕ್ಟ್ ರೋಡಿನ ಅಂಗಡಿಯಲ್ಲಿ ನಿಂತು, ಕರಿಬೇವಿನ ಪೊಟ್ಟಣವನ್ನು ಬೆಳಕಿಗೆ ಹಿಡಿದು, ಎಲೆಯ ಹಿಂಬದಿ ಎಲ್ಲಾದರೂ ಕಪ್ಪಾಗಿದೆಯೇ ಎಂದು ತಿರುಗಿಸಿ ನೋಡುತ್ತಿದ್ದಾಗಲೂ ಅವನ ತಲೆಯಲ್ಲಿ ಡಾಕ್ಟರ್ ಇಂದಿರಾ ಅಂದ ಆ ಹೂಂ ಕೊರೆಯುತ್ತಲೇ ಇತ್ತು. ಹೋದ ವಾರ ಬ್ರಿಸ್ಬೇನಿಗೆ ಫೋನು ಮಾಡಿದ್ದ. ಆಸ್ಟ್ರೇಲಿಯಾದ ಕನ್ನಡ ಸಂಘಗಳೆಲ್ಲ ಸೇರಿ ಕಟ್ಟಿಕೊಂಡ ಒಕ್ಕೂಟಕ್ಕೆ ಅಧ್ಯಕ್ಷನಾಗಲು ನಿಲ್ಲುತ್ತಿದ್ದೇನೆ, ನೀವು ಉಪಾಧ್ಯಕ್ಷೆಯಾಗಿ ನನ್ನ ಜೊತೆ ನಿಲ್ಲಬೇಕು ಎಂದು ಕೇಳುವುದಿತ್ತು. ಒಕ್ಕೂಟದ ನಿಯಮವೇ ಹಾಗೆ, ಇಬ್ಬರೂ ಜೋಡಿಯಾಗಿಯೇ ನಿಲ್ಲಬೇಕು, ಒಂದೇ ಊರಿನವರಾಗಿರಬಾರದು. ದೊಡ್ಡ ಪೀಠಿಕೆಯನ್ನೇ ತಯಾರು ಮಾಡಿಕೊಂಡಿದ್ದ. ಪ್ರವಾಹ ಬಂದಾಗ ನೀವು ಪಕ್ಕದ ಇಪ್ಸ್‌ವಿಚ್‌ನಲ್ಲಿ ಮನೆಮನೆಗೆ ಊಟ ಕಳಿಸಿದ್ದನ್ನು ಯಾರು ಮರೆಯುತ್ತಾರೆ ಎಂಬಲ್ಲಿಗೆ ಪೀಠಿಕೆ ಬಂದಿತ್ತು, ಅಷ್ಟರಲ್ಲೇ ಆಕೆ, "ಅಯ್ಯೋ, ಅದಕ್ಕೇನಂತೆ, ಆಗ್ಲಿ ಬಿಡಿ. ನಾನೇ ಅಡಿಲೇಡಿಗೆ ಬರ್ತೀನಿ. ಮನೆ ನೋಡಿದ ಹಾಗೂ ಆಗತ್ತೆ" ಅಂದುಬಿಟ್ಟಿದ್ದರು. ಮನೆ ಯಾಕೆ ನೋಡಬೇಕು? ಉಪಾಧ್ಯಕ್ಷೆಗೂ ಅಧ್ಯಕ್ಷನ ಮನೆಗೂ ಏನು ಸಂಬಂಧ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಅವನು ಆ ಪೊಟ್ಟಣ ಬಿಟ್ಟು ಅದರ ಹಿಂದಿನ ಪೊಟ್ಟಣ ತೆಗೆದುಕೊಂಡ.

ಹಾಗೆಂದು ಯೋಚಿಸಿ ಹೇಳುತ್ತೇನೆ ಅಂದವರನ್ನಾದರೂ ಅವನು ನಂಬಿದ್ದನೇ? ಪರ್ತಿನ ಚಾಮರಾಜನನ್ನೇ ಮೊದಲು ಕೇಳಿದ್ದು. ಗಣಿ ಕಂಪನಿಯ ಎಂಜಿನಿಯರು, ನಾಲ್ಕು ಜನ ಮಾತು ಕೇಳುವ ಮನುಷ್ಯ. "ಮನೇಲಿ ಒಂದ್ಸಲ ಕೇಳಿ ಹೇಳ್ತೀನಿ ಸಾರ್" ಅಂದಿದ್ದ. ಹೆಂಡತಿಯನ್ನು ಕೇಳುವುದಕ್ಕೆ ಅಷ್ಟು ದಿನ ಬೇಕೇ ಎಂದು ರಮಾಕಾಂತನಿಗೆ ಅನುಮಾನ ಬಂತು. ಪರ್ತಿನಲ್ಲೇ ಕೆಲಸದಲ್ಲಿದ್ದ ಮಗ ಅಭಿನವನಿಗೆ, ಅವರ ಮನೆ ಕಡೆ ಹೋಗಿ ಸುಮ್ಮನೆ ಮಾತಾಡಿಸಿಕೊಂಡು ಬಾ, ಯಾರ ಜೊತೆ ಓಡಾಡುತ್ತಾರೆ ನೋಡು ಅಂದಿದ್ದ. "ಹಿ ಈಸ್ ಎ ನೈಸ್ ಬ್ಲೋಕ್, ಡ್ಯಾಡ್. ದೇ ಗೇವ್ ಮಿ ಲಂಚ್" ಎಂದು ಮಗ ವರದಿ ಒಪ್ಪಿಸಿದ. ಕರೆದು ಊಟ ಹಾಕಿದರೆಂದರೆ ಅನುಮಾನ ಹೆಚ್ಚಾಗದೆ ಕಡಿಮೆಯಾಗುತ್ತದೆಯೇ? ಇನ್ನೂ ಇಬ್ಬರು ಮೂವರ ಹತ್ತಿರ ಕೇಳಿಸಿದ. ಅದು ಹೇಗೋ ಚಾಮರಾಜನ ಕಿವಿಗೆ ಬಿತ್ತು. ಅವನು ಒಂದು ಮಾತೂ ಆಡದೆ, ತಾನೇ ಅಧ್ಯಕ್ಷ ಸ್ಥಾನಕ್ಕೆ ನಾಮಪತ್ರ ಹಾಕಿಬಿಟ್ಟ. "ನೋಡಿದ್ಯಾ, ಮೊದಲಿಂದಲೂ ಅವನ ಮನಸ್ಸಲ್ಲಿ ಇದೇ ಇತ್ತು" ಎಂದು ರಮಾಕಾಂತ ಹೆಂಡತಿಗೆ ಹೇಳಿದ್ದ. "ಇರ್ಲಿಲ್ಲ. ನೀವೇ ಹುಟ್ಟಿಸಿದ್ರಿ" ಎಂದಿದ್ದಳು ಶಾರದಾ. ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯ ಲ್ಯಾಬಿನಲ್ಲಿ ಇಡೀ ದಿನ ರಕ್ತ ಪರೀಕ್ಷೆ ಮಾಡುವ ಅವಳಿಗೆ, ಇಲ್ಲದ ರೋಗ ಹುಡುಕುವವರನ್ನು ಕಂಡರೆ ಆಗುತ್ತಿರಲಿಲ್ಲ.

ನೇರ ಕೇಳಬಾರದು, ಸುತ್ತ ಕೇಳಬೇಕು. ಇದು ಅಪ್ಪ ಕಲಿಸಿದ ಪಾಠ. ಮೈಸೂರಿನಲ್ಲಿ ಅಕ್ಕನಿಗೆ ಗಂಡು ನೋಡುವಾಗ ಅಪ್ಪ ಆ ಮನೆಗೆ ಹೋಗುವ ಮೊದಲು ಆ ಬೀದಿಗೆ ಹೋಗಿದ್ದರು. ಮೂಲೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಮಾಣಿಯನ್ನು ಕೇಳಿದರು, ಇಸ್ತ್ರಿಯವನನ್ನು ಕೇಳಿದರು, ಎದುರುಮನೆಯ ಮುದುಕಿಗೆ ದೂರದ ನೆಂಟಸ್ತಿಕೆ ಹೇಳಿಕೊಂಡು ಜಗಲಿಯಲ್ಲಿ ಕೂತು ಕೇಳಿದರು. ಜನ ಹೇಗೆ, ಮನೆತನ ಹೇಗೆ, ಕೈ ಬಾಯಿ ಶುದ್ಧವೇ. ಪಕ್ಕದಲ್ಲಿ ಚಡ್ಡಿ ಹಾಕಿಕೊಂಡು ಕೂತ ರಮಾಕಾಂತನಿಗೆ ಅಪ್ಪ ಆಗ ಬಹಳ ದೊಡ್ಡ ಮನುಷ್ಯರಾಗಿ ಕಂಡಿದ್ದರು. ಅವನು ಅಡಿಲೇಡಿನಲ್ಲಿ ಮನೆ ಕೊಳ್ಳುವಾಗ ಅಕ್ಕಪಕ್ಕದ ಬಿಳಿಯರನ್ನೂ ಹಾಗೇ ಕೇಳಿದ್ದ. ಅವರು ನಗುತ್ತ, ಇಟ್ಸ್ ಆಲ್ ಗುಡ್ ಮೇಟ್ ಅಂದಿದ್ದರು, ಆ ನಗುವಿನ ಮೇಲೂ ಅವನಿಗೆ ಒಂದು ತಿಂಗಳು ಅನುಮಾನವಿತ್ತು. ಈಗ ಇಂದಿರಾ ವಿಷಯದಲ್ಲೂ ಫೋನು ಮಾಡುವ ಮೊದಲೇ ಸುತ್ತ ಕೇಳಿಸಿದ್ದ. ಇಪ್ಸ್‌ವಿಚ್‌ನಲ್ಲಿದ್ದ ಮಾಲವಿಕಾ, ಶಾರದೆಯ ಚಿಕ್ಕಮ್ಮನ ಮಗಳು, ಬಾಯಿ ದೊಡ್ಡದಾದರೂ ಒಳ್ಳೆಯವಳು. ಆ ಡಾಕ್ಟರ ಮನೆತನ ಹೇಗಮ್ಮ, ಯಜಮಾನರು ಹೇಗೆ, ಮಗಳು ಮದುವೆಯಾಗಿ ವರ್ಷದೊಳಗೆ ವಾಪಸ್ಸು ಬಂದಳಂತಲ್ಲ, ತಪ್ಪು ಯಾರದು ಎಂದು ಕೇಳಿದ್ದ. ನಾಳೆ ಚುನಾವಣೆಯಲ್ಲಿ ಯಾರಾದರೂ ಅದನ್ನೇ ಹಿಡಿದು ವಾಟ್ಸಾಪಿನಲ್ಲಿ ಆಡಿಕೊಂಡರೆ? ಉಪಾಧ್ಯಕ್ಷೆಯ ಮೇಲೆ ಬಿದ್ದ ಕೆಸರು ಅಧ್ಯಕ್ಷನ ಮೇಲೂ ಸಿಡಿಯುವುದಿಲ್ಲವೇ? ಮಾಲವಿಕಾ, "ಹುಡುಗಿ ಅಪ್ಪಟ ಚಿನ್ನ ಭಾವ, ಗಂಡನ ಮನೆಯೋರು ಸರಿ ಇರ್ಲಿಲ್ಲ. ಯಾಕೆ ಕೇಳ್ತಿದ್ದೀರಾ?" ಅಂದಿದ್ದಳು. "ಈಗ ಹೇಳಲ್ಲ, ಆಮೇಲೆ ನಿಂಗೇ ಗೊತ್ತಾಗತ್ತೆ. ಶಾರದಂಗೂ ಹೇಳ್ಬೇಡ" ಎಂದು ಅವನು ಗುಟ್ಟಾಗಿ ನಕ್ಕಿದ್ದ.

ಇಷ್ಟೆಲ್ಲ ಯಾಕೆ ಎಂದು ಯಾರಾದರೂ ಕೇಳಿದ್ದರೆ ಅವನಿಗೆ ಹೇಳಲು ನಾಚಿಕೆಯಾಗುತ್ತಿತ್ತು. ಇಪ್ಪತ್ತು ವರ್ಷ ಸಂಘದಲ್ಲಿ ಕುರ್ಚಿ ಜೋಡಿಸಿದ್ದ, ಮೈಕು ಕಟ್ಟಿದ್ದ, ಬಾರ್ಬೆಕ್ಯೂ ದಿನ ಹೊಗೆಯಲ್ಲಿ ನಿಂತು ಜೋಳ ಸುಟ್ಟಿದ್ದ. ಒಂದು ಯುಗಾದಿಗೆ ಕೊನೆಗೂ ಅವನನ್ನು ವೇದಿಕೆಗೆ ಕರೆದರು. ಅವನ ಸರದಿ ಬರುವಷ್ಟರಲ್ಲಿ ಹೂಗುಚ್ಛ ಮುಗಿದುಹೋಗಿತ್ತು. ಮೊದಲು ಸನ್ಮಾನವಾದವರ ಕೈಯಿಂದಲೇ ಒಂದನ್ನು ಈಸಿಕೊಂಡು ಅವನಿಗೆ ಕೊಟ್ಟರು, ಫೋಟೋ ತೆಗೆದರು, ಕೆಳಗಿಳಿದ ಮೇಲೆ ಅದನ್ನು ವಾಪಸ್ಸು ತೆಗೆದುಕೊಂಡರು. ಅವನೂ ನಗುನಗುತ್ತ ಕೊಟ್ಟ. ಆ ಖಾಲಿ ಕೈಯನ್ನು ಜೇಬಿಗೆ ತುರುಕಿಕೊಂಡದ್ದು ಇವತ್ತಿಗೂ ಅವನಿಗೆ ನೆನಪಿತ್ತು. ಒಮ್ಮೆ, ಒಂದೇ ಒಂದು ಸಲ, ಹೂಗುಚ್ಛ ಕೊಡುವವನ ಜಾಗದಲ್ಲಿ ನಿಲ್ಲಬೇಕು. ನಾಮಪತ್ರಕ್ಕೆ ಇವತ್ತು ಸಂಜೆ ಐದೇ ಕೊನೆ. ಇಂದಿರಾ ತಮ್ಮ ಫೋನಿನಲ್ಲಿ ಒಪ್ಪಿಗೆ ಒತ್ತದಿದ್ದರೆ ಜೋಡಿಯಿಲ್ಲ, ಜೋಡಿಯಿಲ್ಲದಿದ್ದರೆ ರಮಾಕಾಂತನೂ ಇಲ್ಲ.

ಏರ್‌ಪೋರ್ಟಿನಲ್ಲಿ ಇಂದಿರಾ ಹಸಿರು ರೇಷ್ಮೆ ಸೀರೆಯಲ್ಲಿ ಹೊರಬಂದರು. ಅಕ್ಕಪಕ್ಕದವರೆಲ್ಲ ಚಡ್ಡಿ, ಚಪ್ಪಲಿ. ಬ್ರಿಸ್ಬೇನಿನಿಂದ ವಿಮಾನದಲ್ಲಿ ರೇಷ್ಮೆ ಉಟ್ಟು ಬರುವಂಥದ್ದು ಏನಿದೆ ಎಂದು ರಮಾಕಾಂತ ಮನಸ್ಸಿನಲ್ಲೇ ಗಂಟು ಹಾಕಿಕೊಂಡ. "ಬರಿಗೈಲಿ ಬಂದ ಹಾಗಾಯ್ತು ನೋಡಿ" ಎಂದು ಆಕೆ ಶುರುಮಾಡಿದರು. "ಐದು ಥರದ ಹಣ್ಣು ಜೋಡಿಸಿಕೊಂಡು ಬಂದಿದ್ದೆ. ಈ ರಾಜ್ಯಕ್ಕೆ ಹಣ್ಣು ತರೋ ಹಾಗಿಲ್ಲ ಅನ್ನೋದು ಮರ್ತೇ ಹೋಗಿತ್ತು. ಇಳಿದ ಕೂಡ್ಲೇ ಬಿನ್‌ಗೆ ಹಾಕ್ಬೇಕಾಯ್ತು. ಅಪಶಕುನ ಅಂತೆಲ್ಲ ಅಂದ್ಕೋಬೇಡಿ." ಅವನು ಛೆ ಛೆ ಅಂದ. ಕಾರಿನಲ್ಲೂ ಆಕೆ ಆ ಹಣ್ಣಿನ ಮಾತನ್ನೇ ಮತ್ತೆ ತೆಗೆದರು. ಇಡೀ ವಾರ್ಡು ನಡೆಸುವ ಡಾಕ್ಟರು, ನಾಲ್ಕು ಹಣ್ಣಿಗೆ ಇಷ್ಟು ಪೇಚಾಡುತ್ತಾರೆಯೇ? ಚಾಮರಾಜನೇ ಈಕೆಯನ್ನು ಕಳಿಸಿರಬಹುದೇ ಎಂಬ ಯೋಚನೆ ಆಗ ಬಂತು, ಬಂದದ್ದು ಹೋಗಲಿಲ್ಲ. ಒಳಗೆ ಸೇರಿಕೊಂಡು, ಐದು ಗಂಟೆಗೆ ಸರಿಯಾಗಿ ಈಕೆ ಕೈ ಎತ್ತಿಬಿಟ್ಟರೆ ಮುಗಿಯಿತು. ತಾ ಕಳ್ಳ ಪರರ ನಂಬ ಎಂದು ಶಾರದಾ ಆಗಾಗ ಅನ್ನುತ್ತಿದ್ದಳು. ಅನ್ನಲಿ, ಅವಳಿಗೇನು.

ಮನೆಗೆ ಬಂದದ್ದೇ ಇಂದಿರಾ ಚಪ್ಪಲಿ ಕಳಚಿ, ಕೈಕಾಲು ತೊಳೆದು, ದೇವರ ಗೂಡಿನ ಮುಂದೆ ನಿಂತು ಕೈ ಮುಗಿದರು. ಆಮೇಲೆ ಸೀದಾ ಅಡಿಗೆಮನೆಗೆ ಹೋಗಿ ಶಾರದೆಯ ಪಕ್ಕ ನಿಂತು ಕೋಸಂಬರಿಗೆ ನಿಂಬೆಹಣ್ಣು ಹಿಂಡಿದರು. ಎಷ್ಟೋ ವರ್ಷದಿಂದ ಗೊತ್ತಿದ್ದವರ ಹಾಗೆ ಮಾತಾಡುತ್ತ, ಹಿತ್ತಿಲಿನ ಕಡೆ ಒಮ್ಮೆ, ಮೇಲಿನ ಕೋಣೆಗಳ ಕಡೆ ಒಮ್ಮೆ ನೋಡಿದರು. ಊಟಕ್ಕೆ ಕೂತಾಗ ಗೋಡೆಯ ಮೇಲಿದ್ದ ಮಗನ ಪದವಿಯ ಫೋಟೋ ಕಂಡು ಎದ್ದೇ ಹೋದರು.

"ಇವ್ರೇನಾ ಅಭಿನವ್? ಒಳ್ಳೆ ಲಕ್ಷಣವಾಗಿದ್ದಾರೆ."

"ಹೂಂ, ಪರ್ತಲ್ಲಿದ್ದಾನೆ" ಅಂದ ರಮಾಕಾಂತ.

"ಒಬ್ರೇ ಇರೋದಾ ಅಲ್ಲಿ?"

ಎತ್ತಿದ ಬಿಸಿಬೇಳೆಬಾತಿನ ತುತ್ತನ್ನು ಅವನು ತಟ್ಟೆಗೇ ಇಳಿಸಿದ. ಅಭಿನವ ಒಬ್ಬನೇ ಇರಲಿಲ್ಲ. ಮೂರು ವರ್ಷದಿಂದ ಒಬ್ಬ ಆಸ್ಟ್ರೇಲಿಯನ್ ಹುಡುಗಿಯ ಜೊತೆ ಮನೆ ಮಾಡಿಕೊಂಡಿದ್ದ. ಅದು ಈ ಮನೆಯ ಇಬ್ಬರಿಗೂ ಗೊತ್ತಿತ್ತು, ಹೊರಗಿನವರು ಯಾರಿಗೂ ಗೊತ್ತಿರಲಿಲ್ಲ. ಹೊರಗಿನವರಿಗೆ ಹೇಳಬಾರದೆಂದು ರಮಾಕಾಂತನೇ ಕಟ್ಟಪ್ಪಣೆ ಮಾಡಿದ್ದ. ಪರ್ತು, ಚಾಮರಾಜ, ಮಗನಿಗೆ ಹಾಕಿದ ಊಟ, ಎಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡು ಅವನ ಕಣ್ಣ ಮುಂದೆ ನಿಂತವು. ಸರಿ, ಈಕೆಗೆ ಎಲ್ಲ ಗೊತ್ತು, ಬಾಯಿ ಬಿಡಿಸುತ್ತಿದ್ದಾರೆ. "ಒಬ್ಬನೇ" ಅಂದ ರಮಾಕಾಂತ, ಆಕೆಯ ಕಣ್ಣಲ್ಲಿ ಕಣ್ಣಿಟ್ಟು. "ಅವನಿಗೆ ಕೆಲಸ ಬಿಟ್ರೆ ಬೇರೆ ಪ್ರಪಂಚವೇ ಇಲ್ಲ." ಬಡಿಸುತ್ತಿದ್ದ ಶಾರದೆಯ ಸೌಟು ಪಾತ್ರೆಯ ಅಂಚಿನಲ್ಲೇ ನಿಂತಿತು. ಇಂದಿರಾ ಮಾತ್ರ ಸಮಾಧಾನದ ಉಸಿರು ಬಿಟ್ಟು ಬಂದು ಕೂತರು.

"ನಿಮ್ಮದು ಯಾವ ಗೋತ್ರ ಅಂದ್ರಿ?"

ಅವನು ಅಂದೇ ಇರಲಿಲ್ಲ. "ಕಾಶ್ಯಪ."

"ನಮ್ಮದು ಭಾರದ್ವಾಜ. ಒಳ್ಳೇದಾಯ್ತು."

ಏನು ಒಳ್ಳೆಯದಾಯಿತು? ವೋಟಿನ ಲೆಕ್ಕ ಹಾಕುತ್ತಿದ್ದಾರೆ! ಯಾರು ಯಾವ ಪಂಗಡ, ಬ್ರಿಸ್ಬೇನಿನಲ್ಲಿ ಎಷ್ಟು, ಅಡಿಲೇಡಿನಲ್ಲಿ ಎಷ್ಟು. ರಮಾಕಾಂತನಿಗೆ ಸಿಟ್ಟು ಬಂತು, ಅದನ್ನು ನುಂಗಿಕೊಂಡು ಭಾಷಣದ ದನಿಯಲ್ಲಿ, "ಅಂಥದ್ದನ್ನೆಲ್ಲ ನಾವು ನೋಡೋರಲ್ಲ ಡಾಕ್ಟ್ರೇ. ಮನುಷ್ಯರು ಮುಖ್ಯ" ಅಂದ. ಇಂದಿರಾ ತಟ್ಟೆಯ ಮೇಲೆ ಕೈ ಇಟ್ಟು ಅವನನ್ನೇ ನೋಡಿದರು. ಕಣ್ಣು ತುಂಬಿಬಂದಿತ್ತು. "ಅದೇ ದೊಡ್ಡ ಗುಣ" ಅಂದರು. "ನೀವು ಏನನ್ನೂ ಎಣಿಸ್ಲಿಲ್ಲ. ಅದಕ್ಕೇ ನಾನು ಓಡಿ ಬಂದೆ." ಅಳು ಬರಿಸಿಕೊಳ್ಳುವುದಕ್ಕೂ ಬರುತ್ತದಲ್ಲ ಈಕೆಗೆ ಎಂದುಕೊಂಡ ರಮಾಕಾಂತ.

ಮಜ್ಜಿಗೆ ತರುವ ನೆಪದಲ್ಲಿ ಶಾರದಾ ಅವನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ರೀ, ಇವ್ರ ಬಗ್ಗೆ ಯಾರ ಹತ್ರ ಏನು ಕೇಳಿದ್ರಿ?"

"ಯಾಕೆ? ಮಾಲವಿಕಾ ಹತ್ರ. ಮನೆತನ ಹೇಗೆ ಅಂತ."

"ಮಗಳ ವಿಷಯ ಕೇಳಿದ್ರಾ?"

"ಕೇಳ್ಬೇಕಾಗತ್ತಲ್ಲ, ನಾಳೆ ಎಲೆಕ್ಷನ್ನಲ್ಲಿ..."

"ಥೂ ನಿಮ್ಮ!" ಎಂದಳು ಶಾರದಾ. ಅವಳ ಮುಖ ಬಿಳಿಚಿಕೊಂಡಿತ್ತು. "ಮದುವೆ ವಯಸ್ಸಿನ ಮಗ ಇರೋರು, ಮಗಳಿರೋ ಮನೆ ಬಗ್ಗೆ ಸುತ್ತಮುತ್ತ ವಿಚಾರಿಸಿದ್ರೆ ಏನಂದ್ಕೋತಾರ್ರೀ? ನಮ್ಮ ಜನ ಏನಂದ್ಕೋತಾರೆ? ಆ ಹಣ್ಣು, ಆ ಸೀರೆ, ಆ ಗೋತ್ರ... ಅವ್ರು ಎಲೆಕ್ಷನ್ನಿಗೆ ಬಂದಿಲ್ಲ. ಮಗಳಿಗೆ ಮನೆ ನೋಡೋಕೆ ಬಂದಿದ್ದಾರೆ. ನೀವು ಬೇರೆ ಅವನು ಒಬ್ಬನೇ ಇದ್ದಾನೆ ಅಂತ ಹೇಳಿ ಕೂತಿದ್ದೀರ."

ಅವನಿಗೆ ಮೊದಲು ಆದದ್ದು ನಾಚಿಕೆಯಲ್ಲ, ನಿರಾಳ. ಚಾಮರಾಜ ಕಳಿಸಿಲ್ಲ ಹಾಗಾದರೆ. ಎಲ್ಲಕ್ಕೂ ಅರ್ಥ ಸಿಕ್ಕಿತು, ಆ ಹೂಂಗೂ. ಎದೆಯಲ್ಲಿ ಒಂದು ಕ್ಷಣ ತಣ್ಣಗೆ ಗಾಳಿಯಾಡಿತು. ಆಮೇಲೆ ನಾಚಿಕೆ ಬಂತು. ಹುಡುಗಿಯ ಹೆಸರೇನು? ಮಾಲವಿಕಾ ಹೇಳಿದ್ದಳು, ರಂಜನಿ. ಅಷ್ಟೆಲ್ಲ ಕೇಳಿ ತಿಳಿದುಕೊಂಡು, ಸದ್ಯ ತಪ್ಪು ಇವರದ್ದಲ್ಲ, ವಾಟ್ಸಾಪಿಗೆ ಉತ್ತರ ಕೊಡಬಹುದು ಎಂದು ಅವನು ಆ ಹೆಸರನ್ನು ಅಲ್ಲೇ ಬಿಟ್ಟುಬಿಟ್ಟಿದ್ದ.

"ಈಗ್ಲೇ ಹೋಗಿ ಹೇಳಿ" ಎಂದಳು ಶಾರದಾ.

ಅವನು ಮೈಕ್ರೋವೇವಿನ ಗಡಿಯಾರ ನೋಡಿದ. ಐದಕ್ಕೆ ಇನ್ನೂ ಹೊತ್ತಿತ್ತು, ಆದರೆ ಬೇರೆ ಊರಿನಿಂದ ಬೇರೆಯವರನ್ನು ಹುಡುಕುವಷ್ಟು ಇರಲಿಲ್ಲ. "ಮೊದಲು ಅದೊಂದು ಆಗಿಬಿಡ್ಲಿ" ಅಂದ. ಅವಳು ಅವನನ್ನು ನೋಡಿದಳು. ಮದುವೆಯಾದ ಇಷ್ಟು ವರ್ಷದಲ್ಲಿ ಅವಳು ಅವನ ಮೇಲೆ ಕೂಗಾಡಿದ್ದುಂಟು, ಮಾತು ಬಿಟ್ಟದ್ದುಂಟು, ಹೀಗೆ ನೋಡಿದ್ದಿಲ್ಲ. ಮಜ್ಜಿಗೆಯ ಪಾತ್ರೆಯನ್ನು ಅವನ ಕೈಗೆ ಕೊಟ್ಟು ಅವಳು ಸಿಂಕಿನ ಕಡೆ ತಿರುಗಿಕೊಂಡಳು.

ಕಾಫಿಯಾದ ಮೇಲೆ ಅವನೇ ಮಾತು ತೆಗೆದ. ಒಕ್ಕೂಟದಿಂದ ನಿಮ್ಮ ಫೋನಿಗೆ ಒಂದು ಲಿಂಕು ಬಂದಿರಬೇಕಲ್ಲ ಎಂದ. "ಓ, ಅದೂ ಒಂದಿದೆ ಅಲ್ವಾ!" ಎಂದು ಇಂದಿರಾ ನಕ್ಕು, ಫೋನು ತೆಗೆದು ಕನ್ನಡಕ ಹಾಕಿಕೊಂಡರು. ನಿಯಮಗಳನ್ನು ಓದಲಿಲ್ಲ. "ಎಲ್ಲಿ ಒತ್ಬೇಕು, ತೋರಿಸಿ" ಅಂದರು. ಅವನು ಬಗ್ಗಿ ತೋರಿಸಿದ. ತನ್ನ ಬೆರಳು ನಡುಗುತ್ತಿಲ್ಲ ಎಂಬುದೇ ಅವನಿಗೆ ಅಸಹ್ಯವೆನಿಸಿತು. ಈಗ ಹೇಳಬೇಕು, ಈಗ, ಆಕೆಯ ಬೆರಳು ಗಾಜಿಗೆ ತಾಗುವ ಮುಂಚೆ. ಅಪ್ಪನಾಗಿದ್ದರೆ ಏನು ಮಾಡುತ್ತಿದ್ದರು? ಅಪ್ಪ ಕೇಳುವುದನ್ನು ಕಲಿಸಿದ್ದರು, ಹೇಳುವುದನ್ನು ಕಲಿಸಿರಲಿಲ್ಲ. ಇಂದಿರಾ ಒತ್ತಿದರು. ಅವನ ಜೇಬಿನಲ್ಲಿ ಫೋನು ಸಣ್ಣಗೆ ಗುನುಗಿತು. ಜೋಡಿ ಸ್ವೀಕಾರವಾಗಿತ್ತು. ಹೊರಡುವಾಗ ಆಕೆ ಚೀಲದಿಂದ ಒಂದು ರೇಷ್ಮೆಯ ರವಿಕೆ ಕಣ ತೆಗೆದು ಶಾರದೆಗೆ ಕೊಟ್ಟರು. "ಇವತ್ತಿಗೆ ಇಷ್ಟೇ, ಮುಂದೆ ಎಲ್ಲಾ ಶಾಸ್ತ್ರವಾಗಿ ಮಾಡೋಣ." ಶಾರದಾ ತಲೆ ತಗ್ಗಿಸಿಕೊಂಡು ಕುಂಕುಮ ಕೊಟ್ಟಳು. ರವಿಕೆ ಕಣವನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡಿದ್ದಳು, ಒಳಗೆ ಇಡಲಿಲ್ಲ.

ಕಾರು ಸೌತ್ ರೋಡು ಹಿಡಿದು ಏರ್‌ಪೋರ್ಟಿನ ಕಡೆ ಹೊರಟಿತು. ಬಿಸಿಲು ಓರೆಯಾಗಿ ಗಾಜಿನ ಮೇಲೆ ಬೀಳುತ್ತಿತ್ತು. ಈಗ ಹೇಳಬೇಕು ಎಂದು ಒಂದು ಸಿಗ್ನಲಿನಲ್ಲಿ ಅಂದುಕೊಂಡ, ಮುಂದಿನ ಸಿಗ್ನಲಿನಲ್ಲಿ ಎಂದುಕೊಂಡ. ಆಕೆ ಊರಿಗೆ ಹೋದ ಮೇಲೆ ಒಂದು ಈಮೇಲ್ ಬರೆದರಾಗದೇ ಎಂದೂ ಅಂದುಕೊಂಡ. ಜಾತಕ ಕೂಡಲಿಲ್ಲ ಅಂದರೆ? ಯಾರೂ ತಪ್ಪು ತಿಳಿಯುವುದಿಲ್ಲ, ಎಲ್ಲರ ಮನೆಯಲ್ಲೂ ಹೇಳುವ ಮಾತೇ ಅದು. ಥೂ, ಎಂಥ ಸಲೀಸಾದ ಸುಳ್ಳು ಎಂದು ಅನ್ನಿಸಿದ್ದೂ ಅಷ್ಟೇ ಬೇಗ. ಅಷ್ಟರಲ್ಲಿ ಇಂದಿರಾ, "ಅಭಿನವ್ ನಂಬರ್ ಕೊಡಿ. ಮಕ್ಕಳು ಮಾತಾಡಿಕೊಳ್ಳಲಿ. ನಮ್ಮ ಕಾಲ ಅಲ್ವಲ್ಲ" ಅಂದರು.

ಅವನು ಎಡಕ್ಕೆ ಸಿಗ್ನಲ್ ಹಾಕಿ ಒಂದು ಪೆಟ್ರೋಲ್ ಬಂಕಿನೊಳಗೆ ಕಾರು ತಿರುಗಿಸಿದ. ಪಂಪಿನ ಪಕ್ಕ ನಿಲ್ಲಿಸಿದ. ಪೆಟ್ರೋಲು ಬೇಕಾಗಿರಲಿಲ್ಲ.

"ಡಾಕ್ಟ್ರೇ, ಅಭಿನವ್ ಒಬ್ಬನೇ ಇಲ್ಲ. ಹುಡುಗಿ ಇದ್ದಾಳೆ, ಮೂರು ವರ್ಷದಿಂದ ಜೊತೆಗಿದ್ದಾರೆ. ನಾನು ನಿಮಗೆ ಸುಳ್ಳು ಹೇಳಿದೆ."

ಇಂದಿರಾ ಅವನ ಕಡೆ ತಿರುಗಿದರು. "ಮತ್ತೆ ನಮ್ಮ ರಂಜನಿ ಬಗ್ಗೆ ಯಾಕೆ ವಿಚಾರಿಸಿದ್ರಿ?"

"ಎಲೆಕ್ಷನ್ನಿಗೆ. ಉಪಾಧ್ಯಕ್ಷೆ ಮನೆ ವಿಷಯ ಯಾರಾದ್ರೂ ಎತ್ತಿದ್ರೆ ಅಂತ..."

ಆಕೆ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಸೆರಗಿನ ಅಂಚನ್ನು ತೊಡೆಯ ಮೇಲೆ ಬಿಡಿಸಿ, ಮಡಿಚಿ, ಮತ್ತೆ ಬಿಡಿಸಿದರು. "ಮಾಲವಿಕಾ ಬಂದು ಹೇಳಿದಾಗ ನಾನೂ ನಮ್ಮ ಯಜಮಾನ್ರೂ ರಾತ್ರಿ ಊಟ ಮಾಡ್ಲಿಲ್ಲ, ಸಂತೋಷಕ್ಕೆ. ಆಮೇಲೆ ನೀವೇ ಫೋನ್ ಮಾಡಿದ್ರಿ. ಉಪಾಧ್ಯಕ್ಷೆ ಅಂದ್ರಿ. ಪಾಪ, ನೇರವಾಗಿ ಕೇಳೋಕೆ ಸಂಕೋಚ, ಅದಕ್ಕೆ ನೆಪ ತೆಗೆದಿದ್ದಾರೆ ಅಂದ್ಕೊಂಡೆ" ಅಂದರು. ಹೊರಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. "ನಾನೂ ನಿಮ್ಮ ಬಗ್ಗೆ ವಿಚಾರಿಸಿದೆ. ಹೆಣ್ಣು ಹೆತ್ತೋಳು, ಬಿಡ್ತೀನಾ? ಅಡಿಲೇಡಲ್ಲಿ ಕೇಳಿದೆ, ಪರ್ತಲ್ಲಿ ಕೇಳಿದೆ. ಕೆಟ್ಟೋರು ಅಂತ ಒಬ್ರೂ ಅನ್ಲಿಲ್ಲ. ಆದ್ರೆ ಎಲ್ರೂ ಒಂದು ಮಾತು ಹೇಳಿದ್ರು. ತಂತಮ್ಮ ಬಗ್ಗೇನೂ ನೀವು ಇಂಥೋರ ಹತ್ರ ಕೇಳಿದ್ರಿ ಅಂತ. ಎಲ್ರಿಗೂ ಗೊತ್ತಿದೆ. ನಾನು ಅದನ್ನೂ ಒಳ್ಳೇದಕ್ಕೇ ತಗೊಂಡೆ. ಇಷ್ಟು ಅಳೆದೂ ಸುರಿದೂ ನೋಡೋರೇ ನಮ್ಮ ಹುಡುಗೀನ ಒಪ್ಪಿದ್ದಾರಲ್ಲ ಅಂತ."

ರಮಾಕಾಂತ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದ. ಎಲ್ಲರಿಗೂ ಗೊತ್ತಿತ್ತು. ಆ ಯುಗಾದಿಯ ದಿನ ನಗುನಗುತ್ತ ಹೂಗುಚ್ಛ ವಾಪಸ್ಸು ಈಸಿಕೊಂಡವರಿಗೂ ಗೊತ್ತಿತ್ತು.

"ಊಟದ ಹೊತ್ತಿಗೇ ನಿಮಗೆ ಗೊತ್ತಾಗಿತ್ತು ಅಲ್ವಾ? ನಿಮ್ಮ ಮನೆಯವ್ರ ಮುಖ ನೋಡಿದೆ. ಹೇಳಿದ್ರೆ ನಾನು ಒತ್ತಲ್ಲ ಅಂತ ಭಯ ಆಯ್ತಾ?"

ಅವನು ಹೌದೆಂದು ತಲೆಯಾಡಿಸಿದ.

"ಒತ್ತಿರೋದನ್ನ ವಾಪಸ್ ತಗೊಳಲ್ಲ, ಹೆದರ್ಬೇಡಿ. ಅದು ಸಂಘದ ಕೆಲಸ. ನೇರವಾಗಿ ಅದನ್ನೇ ಕೇಳಿದ್ರೂ ಒತ್ತುತ್ತಿದ್ದೆ" ಅಂದರು ಇಂದಿರಾ.

ಆಗ ಆಕೆಯ ಮಡಿಲಲ್ಲಿ ಫೋನು ಬಡಿದುಕೊಂಡಿತು. ಪರದೆಯ ಮೇಲೆ ರಂಜನಿ ಎಂದಿತ್ತು. ಫೋಟೋದಲ್ಲಿ ಕೂದಲು ಕತ್ತರಿಸಿಕೊಂಡ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಒಂದು ಮುಖವಿತ್ತು. ಇಂದಿರಾ ಅದನ್ನೇ ನೋಡುತ್ತಿದ್ದರು. "ನನ್ ಕೈಲಿ ಆಗಲ್ಲ. ನೀವೇ ಹೇಳಿ" ಎಂದು ಫೋನನ್ನು ಅವನ ಕೈಯಲ್ಲಿಟ್ಟರು.

"ಅಮ್ಮಾ, ಹೌ ಡಿಡ್ ಇಟ್ ಗೋ?"

"ನಾನಮ್ಮಾ, ರಮಾಕಾಂತ."

ಆ ಕಡೆ ದನಿ ಗಾಬರಿಯಾಗಿ, ತಡಬಡಾಯಿಸಿ, ಕನ್ನಡಕ್ಕೆ ಬಂತು. ಒಂದೊಂದೇ ಶಬ್ದ ಹುಡುಕಿ ಜೋಡಿಸಿದ ಕನ್ನಡ. "ನಮಸ್ಕಾರ ಅಂಕಲ್. ಸಾರಿ. ನಾನು... ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂದ್ಕೊಂಡಿದ್ದೆ. ಎಲ್ಲಾ ಗೊತ್ತಿದ್ದೂ ಕೇಳಿದ್ರಿ ಅಂತ ಅಮ್ಮ ಹೇಳಿದ್ರು. ಇಷ್ಟು ದಿನ ಯಾರೂ ಕೇಳಿರ್ಲಿಲ್ಲ."

ಈ ಹುಡುಗಿಯ ಬಗ್ಗೆ ಏನೇನೋ ಕೇಳಿ ತಿಳಿದುಕೊಂಡಿದ್ದ, ದನಿ ಕೇಳಿದ್ದು ಇದೇ ಮೊದಲು. ಹಿಂದೆ ಬಂದು ನಿಂತ ಪಿಕಪ್ ಗಾಡಿಯೊಂದು ಪಂಪು ಬಿಡಿ ಎಂದು ಹಾರ್ನ್ ಮಾಡಿತು.

"ನಾನು ನನ್ನ ಮಗನಿಗೋಸ್ಕರ ಕೇಳ್ಲಿಲ್ಲಮ್ಮಾ" ಅಂದ ರಮಾಕಾಂತ. "ನನ್ನ ಕುರ್ಚಿಗೋಸ್ಕರ ಕೇಳಿದೆ. ನಿಮ್ಮಮ್ಮನ್ನ ಎಲೆಕ್ಷನ್ನಿಗೆ ನಿಲ್ಲಿಸೋಕೆ. ಮದುವೆ ಮಾತು ನಮ್ಮ ಮನೇಲಿ ಇರ್ಲೇ ಇಲ್ಲ. ತಪ್ಪು ನಂದು."

ಹಾರ್ನ್ ಮತ್ತೆ ಆಯಿತು. ಆಮೇಲೆ ಆ ದನಿ, ಮೊದಲಿಗಿಂತ ಸಣ್ಣಗೆ, "ಓಕೆ ಅಂಕಲ್" ಅಂದಿತು.

"ಅಂಕಲ್, ಅಮ್ಮ ಅಳ್ತಿದ್ದಾರಾ?"

ರಮಾಕಾಂತ ಪಕ್ಕಕ್ಕೆ ತಿರುಗಿ ನೋಡಿದ.

"ಹೂಂ" ಅಂದ.